ಕರಾಚಿಯಿಂದ ಬೊಂಬಾಯಿವರೆಗೆ ನನ್ನ ಮೌನ

ಮೇಲಿರುವವರ ಪೈಕಿ ನನಗೆ ಪರಿಚಯವಿದ್ದದ್ದು ಶಿವನೊಬ್ಬನೇ. ಅವನಿಗೆ ಮೇಲಿರುವುದು ರೂಢಿ, ಬೀಳುವ ಭಯವಿಲ್ಲ. ಆದರೆ ಬೊಂಬಾಯಿಯ ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿರುವ ನನ್ನ ತಮ್ಮ ರುದ್ರಪ್ಪ, ಕೆಲಸದ ಮೇಲೆ ಕರಾಚಿಗೆ ಹಡಗಿನಲ್ಲಿ ಹೋದವನು, ‘ಭಾನುವಾರ ಬೆಳಿಗ್ಗೆ ಆರು ಗಂಟೆಗೆ ವಿಮಾನ ಹತ್ತಿ ವಾಪಸು ಬರುತ್ತೇನೆ’ ಎಂದು ಕಾಗದ ಬರೆದಾಗ ಅದನ್ನು ಶಿವನ ಪಟದ ಮುಂದಿಟ್ಟು ಕೈಮುಗಿದೆ. ಚಿಕ್ಕಂದಿನಲ್ಲಿ ಸೀಬೆಮರದಿಂದ ಎರಡು ಸಲ ಬಿದ್ದವನು ಅವನು. ಅಲ್ಲಾದರೂ ಹಿಡಿದುಕೊಳ್ಳಲು ಕೊಂಬೆಯಿತ್ತು.

ನಮ್ಮ ಯಜಮಾನರು ಹೊಳೆನರಸೀಪುರದ ಮಿಡ್ಲ್ ಸ್ಕೂಲಿನ ಮೇಷ್ಟರು. ನನ್ನ ಹೊಲಿಗೆ ದಾರವನ್ನು ಭೂಪಟದ ಮೇಲೆ ಎಳೆದು ಅಳೆದು, “ಸುಮಾರು ಐನೂರೈವತ್ತು ಮೈಲಿ. ಗಂಟೆಗೆ ನೂರರಂತೆ ಐದೂವರೆ ಗಂಟೆ. ಹನ್ನೊಂದೂವರೆಗೆ ಇಳೀತಾನೆ” ಎಂದರು. ಅಷ್ಟು ಹೊತ್ತಿನಲ್ಲಿ ನಮ್ಮ ಅರಕಲಗೂಡು ಬಸ್ಸು ಹೊರಡುವುದೇ ಅನುಮಾನ. ಅವನು ಇಳಿಯುವವರೆಗೆ ಉಪವಾಸವಿರುತ್ತೇನೆಂದು ನಾನು ಆಗಲೇ ಹರಕೆ ಹೊತ್ತೆ. ಕೊಣನೂರು ಕಡೆಯವರಾದ ನಮ್ಮತ್ತೆ ನಕ್ಕುಬಿಟ್ಟರು.

“ದಿನಾ ನೀ ಉಣ್ಣಾದೇ ಎಲ್ಡು ಗಂಟ್ಗೆ. ಅನ್ನೊಂದೂವರೆ ಗಂಟ ಉಪ್ವಾಸ ಅಂದ್ರೆ ಶಿವ ನಗಾಕಿಲ್ವಾ? ಬಾಯ್ ಮುಚ್ಕೊಂಡಿರು ನೋಡಾನ. ಅದು ವ್ರತ ಕಣವ್ವಾ!”

ನನಗೂ ಹಟ ಬಂತು. ಭಾನುವಾರ ಆರಕ್ಕೆ ಸರಿಯಾಗಿ ವಿಭೂತಿ ಇಟ್ಟುಕೊಂಡು ತುಟಿ ಹೊಲಿದುಕೊಂಡೆ. ನಾನು ಮಾತಾಡಿದರೆ ಅವನು ಬೀಳುತ್ತಾನೆ, ಅಷ್ಟೆ. ಹಾಲಿನ ಕೆಂಪಮ್ಮ ಅರ್ಧ ಪಾವು ಕಮ್ಮಿ ಅಳೆದಳು. ಕಣ್ಣು ಕೆಕ್ಕರಿಸಿದೆ, ಪಾತ್ರೆ ಕುಟ್ಟಿದೆ.

“ಯಾಕವ್ವಾ, ಅಲ್ಲು ನೋವಾ? ಸುಮ್ಕಿದ್ದೀರಿ ಅಂದ್ರೆ ಅಳತೆ ಸರ್ಯಾಗೈತೆ ಬುಡಿ” ಎಂದು ಹೊರಟೇಹೋದಳು. ಅರ್ಧ ಪಾವು ತಾನೆ, ತಮ್ಮನ ಜೀವಕ್ಕಿಂತ ಹೆಚ್ಚಲ್ಲ ಎಂದು ನುಂಗಿಕೊಂಡೆ.

ಗಡಿಯಾರ ಹನ್ನೊಂದೂವರೆ ತೋರಿಸಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಯಜಮಾನರು ಜಗಲಿಯಿಂದ, “ತಾಳೇ, ಎದುರು ಗಾಳಿ ಇದ್ರೆ ಇನ್ನೊಂದು ಗಂಟೆ ಹಿಡಿಯುತ್ತೆ” ಎಂದರು. ಅವರ ಮುಖದಲ್ಲಿ ಎಂಥ ನೆಮ್ಮದಿ!

“ಗಾಳೀನೂ ಇಲ್ಲ ಗೀಳೀನೂ ಇಲ್ಲ! ನನ್ ಬಾಯಿ ಇನ್ನೊಂದು ಗಂಟೆ ಮುಚ್ಚಿರ್ಲಿ ಅಂತ ನಿಮ್ಗಾಸೆ!”

ಕಟ್ಟೆಯೊಡೆದ ಮೇಲೆ ಕೇಳಬೇಕೆ? ಮೊದಲು ಅವರಿಗೆ, ಆಮೇಲೆ ಅಲ್ಲಿಲ್ಲದ ಕೆಂಪಮ್ಮನಿಗೆ, ಕೊನೆಗೆ ಬಚ್ಚಲೊಲೆಯ ಹಸಿ ಸೌದೆಗೂ ಬೈಗುಳ ಸಂದಾಯವಾಯಿತು.

ಮಾರನೆಯ ದಿನ ಸುಖವಾಗಿ ತಲುಪಿದೆನೆಂದು ತಂತಿ ಬಂತು. ತುಪ್ಪದ ದೀಪ ಹಚ್ಚಿ ಅಡ್ಡಬಿದ್ದೆ. ವಾರದ ಮೇಲೆ ನನ್ನ ಹೆಸರಿಗೇ ಒಂದು ಕಾಗದ: ‘ಅಕ್ಕಾ, ಎದುರು ಗಾಳಿ ಜೋರಾಗಿ ವಿಮಾನ ಕುಲುಕಾಡಿಹೋಯಿತು. ಇಳಿದಾಗ ಹನ್ನೆರಡೂವರೆ.’

ಅಂದರೆ ನಾನು ಸೌದೆಯನ್ನು ಬೈಯುತ್ತಿದ್ದಾಗ ಅವನಿನ್ನೂ ಮೇಲೆಯೇ ಇದ್ದ! ನನ್ನ ನೆರವಿಲ್ಲದೆಯೂ ಅವನನ್ನು ಇಳಿಸಿದನಲ್ಲ, ದೇವರು ದೊಡ್ಡವನು. ಕಾಗದ ಅಕ್ಕಿ ಡಬ್ಬದ ತಳದಲ್ಲಿದೆ. “ನಿನ್ ತಮ್ಮ ಏನಾದ್ರೂ ಬರೆದನೇ?” ಎಂದು ಯಜಮಾನರು ಎರಡು ಸಲ ಕೇಳಿದರು. ಅಂದು ಐದೂವರೆ ಗಂಟೆ ನನ್ನ ಪ್ರಾಣ ಹಿಂಡಿದ ಮೌನ, ಈಗ ಮೂರು ತಿಂಗಳಾದರೂ ಒಂದಿಷ್ಟೂ ಕಷ್ಟವಾಗುತ್ತಿಲ್ಲ.