ಎಲುಬು ಕೂರಿಸುವ ಮಾವ

ತಾಳವಾಡಿ ಬೆಟ್ಟದಲ್ಲಿ ಒಬ್ಬರ ಮೈಯಲ್ಲಾದರೂ ಎಲುಬು ಇರಬೇಕಾದ ಜಾಗದಲ್ಲಿದೆ ಎಂದರೆ ನಮ್ಮ ಸೋದರಮಾವ ಒಪ್ಪುತ್ತಿರಲಿಲ್ಲ! ಸೊಂಟ ನೋವೇ? ಎಲುಬು ಜರುಗಿದೆ. ಭುಜ ನೋವೇ? ಜರುಗಿದೆ. ಗಣಿತದಲ್ಲಿ ನನಗೆ ಅಂಕ ಕಡಿಮೆ ಬಂದಾಗಲೂ ಕತ್ತು ಹಿಡಿದು ನೋಡಿದ ಪುಣ್ಯಾತ್ಮ ಅವನು.

ಪಣಕಹಳ್ಳಿಯ ಅವನ ಜಗುಲಿಯಲ್ಲಿ ಬೆಳಗಾದರೆ ನೋವಿನವರ ಸಾಲು. ಮಾವ ಹರಳೆಣ್ಣೆ ಸವರಿ, ಬೆನ್ನುದ್ದಕ್ಕೂ ಬೆರಳಾಡಿಸಿ, ಎಲ್ಲೋ ಒಂದು ಕಡೆ 'ಲಟಕ್' ಅನ್ನಿಸುತ್ತಿದ್ದ.

"ಕೂತ್ಕತು ಕಣ್ಲಾ! ಈಗ ಊರ್ಗಂಟ ನಡ್ಕಂಡೋಗು. ಬಸ್ ಅತ್ತಿದ್ರೆ ಮತ್ತೆ ಜರುಗ್ಬುಡ್ತದ."

ಬಸ್ಸಿನ ಕಂಡಕ್ಟರ್ ತಮಿಳಿನಲ್ಲಿ "ವಾಂಗ, ವಾಂಗ" ಎಂದು ಕರೆದರೂ ಒಬ್ಬರೂ ಹತ್ತುತ್ತಿರಲಿಲ್ಲ. ಕೊನೆಗೊಂದು ದಿನ ಕಂಡಕ್ಟರೇ ಕತ್ತು ಹಿಡಿದುಕೊಂಡು ಬಂದ. ಮಾವ ಬಿಟ್ಟಾನೆಯೇ? ಅವನನ್ನೂ ನಡೆಸಿದ. ಅವನ ಬಸ್ಸೇ ಹಾರನ್ ಹೊಡೆಯುತ್ತಾ ಅವನನ್ನು ದಾಟಿ ಹೋಯಿತು!

ಆಗ ನಾನು ಕೊಯಮತ್ತೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದೆ. ಬೆನ್ನೆಲುಬು ಹಾಗೆಲ್ಲ ಸುಮ್ಮಸುಮ್ಮನೆ ಜರುಗುವುದಿಲ್ಲ, ಬೆರಳಿನ ಅಂದಾಜನ್ನು ನಂಬಬಾರದು ಎಂದು ಹೊಸದಾಗಿ ಕಲಿತಿದ್ದೆ. ಹೊಸದಾಗಿ ಕಲಿತವರು ಸುಮ್ಮನಿರುತ್ತಾರೆಯೇ? ರಜೆಗೆ ಬಂದವಳೇ ಮಾವನಿಗೆ ಸವಾಲು ಹಾಕಿದೆ.

"ಕಣ್ಣು ಕಟ್ಟಮ್ಮಿ! ನನ್ ಬೆರಳೇ ನೋಡ್ತದ" ಎಂದ ಮಾವ.

ಟವೆಲ್ ಕಟ್ಟಿದೆ. ತಿಗನಾರೆ ಊರಿನವನೊಬ್ಬನನ್ನು ಮಲಗಿಸಿದೆ. "ಎಡಕ್ಕೆ ಜರುಗ್ಬುಟ್ಟದ" ಎಂದ. ನಡುವೆ ಇನ್ನಿಬ್ಬರನ್ನು ಮಲಗಿಸಿ, ಮತ್ತೆ ಅದೇ ತಿಗನಾರೆಯವನನ್ನು ತಂದೆ. "ಇವನ್ಗೆ ಬಲಕ್ಕೆ" ಎಂದ! ಟವೆಲ್ ಬಿಚ್ಚಿದಾಗ ಜಗುಲಿಯೆಲ್ಲ ನಗು.

"ಆಗ ಎಡಕ್ಕಿತ್ತು, ಈಗ ಬಲಕ್ಕೋಗ್ಬುಟ್ಟದ. ಎಲುಬೇನು ಸುಮ್ನೆ ಕೂತದಾ?" ಎಂದು ಅವನೂ ನಕ್ಕ.

ಆದರೆ ಮಾರನೆಯ ದಿನ ಎಣ್ಣೆ ಬಾಟಲಿ ಅಟ್ಟಕ್ಕೇರಿತ್ತು. ಬಂದವರಿಗೆಲ್ಲ, "ಏನೂ ಜರುಗಿಲ್ವಂತೆ ಕಣಪ್ಪ, ನಮ್ಮಮ್ಮಿ ಓದ್ಕಂಡ್ ಬಂದವಳ. ಬಸ್ಗೇ ಓಗು" ಎನ್ನುತ್ತಿದ್ದ. ನಲವತ್ತು ವರ್ಷ ಜನ ತುಂಬಿರುತ್ತಿದ್ದ ಜಗುಲಿ ನನ್ನ ಒಂದು ಟವೆಲಿನಿಂದ ಖಾಲಿಯಾಯಿತು.

ಮುಂದಿನ ರಜೆಗೆ ಬಂದಾಗ ಮಾವನದೇ ಬಲಭುಜ ಮೇಲೇಳುತ್ತಿರಲಿಲ್ಲ. ಯಾರೂ ಇಲ್ಲದಾಗ ಮೆಲ್ಲಗೆ ಕೇಳಿದ, "ಎತ್ತಗೆ ಜರುಗ್ಬುಟ್ಟದ ನೋಡಮ್ಮಿ."

ಭುಜದ ಮೇಲೆ ಕೈಯಿಟ್ಟೆ. "ಎಲ್ಲೂ ಜರುಗಿಲ್ಲ ಮಾವ. ಬಿಗಿದ್ಕಂಡದ, ಅಷ್ಟೆ. ದಿನಾ ಒಸಿ ಒಸಿ ಕೈ ಆಡ್ಸು."

ಆಮೇಲೆ, ಅಂದು ನುಂಗಿಕೊಂಡಿದ್ದನ್ನೂ ಹೇಳಿಬಿಟ್ಟೆ. ಕಾಲೇಜಿನಲ್ಲಿ ಬೆರಳಾಡಿಸಿ ಹೇಳುವ ಅದೇ ಪರೀಕ್ಷೆಯಲ್ಲಿ ನಾನೂ ನನ್ನ ಗೆಳತಿಯೂ ಒಂದೇ ಬೆನ್ನಿಗೆ ಎರಡು ಉತ್ತರ ಕೊಟ್ಟಿದ್ದೆವು. ಬೆನ್ನು ನೋವಿನವರು ಮಲಗದೆ ನಡೆದಾಡಬೇಕು ಎಂದು ಪುಸ್ತಕಗಳೂ ಈಗ ಹೇಳುತ್ತವೆ. ಮಾವ ಅವರನ್ನು ಎಂದಿನಿಂದಲೋ ನಡೆಸುತ್ತಿದ್ದ.

"ಅಂಗಾರೆ ನಿನ್ ಬೆರಳೂ ಕುರುಡೇ ಅನ್ನು!" ಮಾವ ಮನಸಾರೆ ನಕ್ಕ. ನಾನು ಕೈ ತೆಗೆಯಹೋದೆ.

"ಒಸಿ ಅಲ್ಲೇ ಮಡಗಿರು ಕೈಯ. ಇತವಾಯ್ತದ."

ಅಷ್ಟು ವರ್ಷ ಎಲ್ಲರ ನೋವಿನ ಮೇಲೆ ಕೈಯಿಟ್ಟವನ ಮೇಲೆ ಒಬ್ಬರೂ ಕೈಯಿಟ್ಟಿರಲಿಲ್ಲ ಎಂದು ಆಗ ಹೊಳೆದು ನನಗೆ ಅಳು ಬಂತು. ನಾನೇ ಅಟ್ಟ ಹತ್ತಿ ಎಣ್ಣೆ ಬಾಟಲಿ ಇಳಿಸಿದೆ.

ಈಗ ಮಾವ ಇಲ್ಲ. ನನ್ನ ಬಳಿ ಬರುವವರಿಗೆ ಏನೂ ಜರುಗಿಲ್ಲ, ನಡೆದುಕೊಂಡೇ ಹೋಗಿ ಎನ್ನುತ್ತೇನೆ. ಕೈಯನ್ನು ಮಾತ್ರ ಬೇಗ ತೆಗೆಯುವುದಿಲ್ಲ.