ಪಿಕಪ್ಪಿನ ಎಣ್ಣೆ, ಓಣಿಯ ಬಾಗಿಲು

ಗಾಡಿಯ ಕೆಳಗೆ ಮಲಗಿದವನನ್ನು ನಮ್ಮ ಓಣಿಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ನಾನು ನಟ್ಟು ಬಿಚ್ಚುವ ಪಾನಾ ಹಿಡಿದ ದಿನ ಏನಾದರೊಂದು ಆಗೇ ಆಗುತ್ತದೆ. ಈ ಸಲ ಆದದ್ದು ಇಷ್ಟು.

ಭಾಲ್ಕಿಯಿಂದ ಫೋನು

ಬಗದಲ್‌ನಲ್ಲಿ ನಮ್ಮ ಹೊಲ. ಕರಿಮಣ್ಣು. ಮಳೆಯಾದರೆ ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕು. ಅದಕ್ಕೆಂದೇ ಹಳೆಯ ಪಿಕಪ್ ಇಟ್ಟುಕೊಂಡಿದ್ದೇನೆ. ಅದಕ್ಕೆ ಗೇರ್ ಬಾಕ್ಸ್ ಒಂದು, ಅದರ ಹಿಂದೆ ಮುಂಗಾಲಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಇನ್ನೊಂದು. ಎರಡರ ಎಣ್ಣೆಯೂ ಹಳತಾಗಿತ್ತು.

ಹೆಂಡತಿಯ ಕೊನೆಯ ತಮ್ಮನದು ಭಾಲ್ಕಿಯಲ್ಲಿ ಗ್ಯಾರೇಜು. ಅಕ್ಕನ ಗಂಡನಾದ ನನ್ನನ್ನು ದಾಜಿ ಎನ್ನುತ್ತಾನೆ. ಫೋನ್ ಮಾಡಿದ.

"ದಾಜಿ, ಗಾಡಿ ಇಲ್ಲಿ ತರ್ರಿ. ಗೇರ್ ಹಾಕಿದ್ರ ಮುದಿ ಕುರಿ ಕೆಮ್ಮಿದಂಗ ಆಗ್ತದ."

"ಮನ್ಯಾಗೇ ಮಾಡ್ತೇನಿ. ನಿನ್ನ ಗ್ಯಾರೇಜಿಗಿ ಕಾಲಿಡೂದಿಲ್ಲ."

"ಬಿಚ್ಚರಿ, ಬಿಚ್ಚರಿ. ಕೂಡಸ್ಲಿಕ್ಕಿ ನಾ ಅದೀನಿ."

ಮರುದಿನವೇ ಅವನ ಮಗಳಿಗೆ ಹೆಸರಿಡುವ ಕಾರ್ಯ. ಠಾಣಾ ಕುಶನೂರದಲ್ಲಿ, ಅವನ ಮಾವನ ಮನೆಯಲ್ಲಿ. ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ಹೆಂಡತಿ. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಪದ್ಧತಿ. ತೊಟ್ಟಿಲು ಕೂಡ ನಮ್ಮ ಮನೆಯದೇ, ತೇಗದ್ದು, ಭಾರ. ಪಿಕಪ್ ಹೊರಡದಿದ್ದರೆ ತೊಟ್ಟಿಲಿಲ್ಲ, ಅತ್ತೆಯಿಲ್ಲ, ಕೂಸಿಗೆ ಹೆಸರಿಲ್ಲ.

"ಇವತ್ತೇ ಬಿಚ್ಚಬೇಕೇನ್ರಿ?" ಎಂದಳು ಹೆಂಡತಿ.

"ಮಧ್ಯಾಹ್ನದೊಳಗ ಮುಗೀತದ."

ಅವಳು ಬಸ್ಸಿನ ಟೈಮು ಕೇಳಲು ಪಕ್ಕದ ಮನೆಗೆ ಹೋದಳು.

ಎರಡು ಕಾಲು

ಗಾಡಿಯನ್ನು ಒಂದು ಸುತ್ತು ಓಡಿಸಿ ಎಣ್ಣೆ ಬಿಸಿ ಮಾಡಿದೆ. ಗಾಲಿಗೆ ಕಲ್ಲು ಕೊಟ್ಟು ಕೆಳಗೆ ತೂರಿಕೊಂಡೆ. ಹೊರಗೆ ಉಳಿದದ್ದು ನನ್ನ ಕಾಲು ಮಾತ್ರ.

ಎದುರು ಮನೆಯ ನಿವೃತ್ತ ಮಾಸ್ತರರು ಬಂದು ಕಾಲಿನೊಂದಿಗೆ ಮಾತಿಗೆ ನಿಂತರು.

"ಏನ್ ನಡಿಸೀರಿ?"

"ಎಣ್ಣಿ ಬದಲಿ."

"ಯಾಕ?"

"ಹಳೇದಾಗ್ಯದ."

"ನಾವೂ ಹಳೇವ್ರೇ ಆಗೀವಿ. ನಮಗ್ಯಾರ ಬದಲಿ ಮಾಡ್ತಾರ್ರಿ?"

ನಾನು ಪಾನಾಕ್ಕೆ ಜೋತುಬಿದ್ದಿದ್ದೆ. ನಟ್ಟು ಬಿಗಿಯಾಗಿತ್ತು. ಅವರು ಸ್ವಲ್ಪ ಹೊತ್ತು ಕಾದು, ನಮ್ಮ ಬಾಗಿಲಿಗೆ ಹೋಗಿ ಕೂಗಿದರು: "ಬಾಯೀರಿ, ಇವರು ಮಾತಾಡವಲ್ರು ನೋಡ್ರಿ! ಜರಾ ಬರ್ರಿ!"

ಒಳಗಿಂದ ಹೆಂಡತಿ ಅಂದಳು: "ಮಾತಾಡಿದ್ರ ಹೇಳ್ರಿ. ಆವಾಗ ಅಂಜಬೇಕು."

ಪರಾತ

ಇಂಥ ಕೆಲಸದಲ್ಲಿ ಒಂದು ನಿಯಮವಿದೆ. ಮೊದಲು ತುಂಬುವ ತೂತಿನ ನಟ್ಟು ಬಿಚ್ಚಬೇಕು, ಆಮೇಲೆ ಖಾಲಿ ಮಾಡುವ ತೂತಿನದು. ಮೇಲಿನದು ಬಿಚ್ಚದೇ ಹೋದರೆ, ಖಾಲಿ ಮಾಡಿದ ಗಾಡಿ ಖಾಲಿಯೇ ಉಳಿಯುತ್ತದೆ. ಅದನ್ನು ಪಾಲಿಸಿದೆ. ಮೇಲಿನ ನಟ್ಟು ಎರಡೂ ಬಂದವು. ಆದರೆ ಎಣ್ಣೆ ಹಿಡಿಯಲು ಪಾತ್ರೆ ತಂದಿರಲಿಲ್ಲ. ಅಡುಗೆಮನೆಗೆ ಹೋಗಿ, ಅಗಲವಾದದ್ದು ನೋಡಿ ಒಂದು ಪರಾತ ಎತ್ತಿಕೊಂಡೆ.

"ಅದು ಹಿಟ್ಟು ನಾದೂ ಪರಾತ್ರಿ!"

"ತೊಳದ್ರ ಹೋಗ್ತದ."

"ಹೌದೇನು? ಹಂಗಾದ್ರ ನಾಳಿಂದ ರೊಟ್ಟಿ ಗೇರ್ ಬಾಕ್ಸಿನ್ಯಾಗೇ ಬಡಕೋರಿ."

ಪರಾತ ಇಟ್ಟು, ಬಚ್ಚಲಿನ ಒಡಕು ಪ್ಲಾಸ್ಟಿಕ್ ಬುಟ್ಟಿ ಒಯ್ದೆ. ಅದು ಒಡಕೆಂದು ಗೊತ್ತಾದದ್ದು ಎಣ್ಣೆ ಬೆನ್ನಿಗೆ ತಾಗಿದ ಮೇಲೆ. ಕೊನೆಗೆ ಹಳೆಯ ಬಕೀಟೇ ಗತಿಯಾಯಿತು.

ಬಂದವರಿಗೆ ಕೊಡು

ಗೇರಿನ ಹಳೆಯ ಎಣ್ಣೆಯನ್ನು ನಮ್ಮ ಬೀದರಿನಲ್ಲಿ ಚೆಲ್ಲುವುದಿಲ್ಲ. ಬಂಡಿಯ ಅಚ್ಚಿಗೆ, ಬಾಗಿಲ ಬಿಜಾಗರಿಗೆ, ಗೆದ್ದಲು ಹತ್ತಿದ ಕಂಬಕ್ಕೆ, ಎಲ್ಲಕ್ಕೂ ಅದೇ. ನಾನು ಗಾಡಿ ಬಿಚ್ಚಿದ ಸುದ್ದಿ ಹಬ್ಬಿತ್ತು.

ಕೊನೆಯ ಹನಿ ಇಳಿಯಲಿ ಎಂದು ಬಿಟ್ಟು, "ಬಂದವರಿಗೆ ಎಣ್ಣಿ ಕೊಡು" ಎಂದು ಹೆಂಡತಿಗೆ ಹೇಳಿ, ಊಟ ಮಾಡಿ ಅಡ್ಡಾದೆ.

ಎದ್ದು ಬಂದು ಕೆಳಗಿನ ನಟ್ಟು ಬಿಗಿದೆ. ತುಂಬಲೆಂದು ಹೊಸ ಎಣ್ಣೆಯ ಡಬ್ಬಿ ಎತ್ತಿದೆ. ಹಗುರ. ಬಕೀಟು ನೋಡಿದೆ. ಕರೀ ಎಣ್ಣೆ ಹಾಗೇ ಇತ್ತು, ಮೇಲೊಂದು ನೊಣ.

"ಡಬ್ಬಿದು ಎಲ್ಲಿ?"

"ಕೊಟ್ಟೆನ್ರಿ. ಎಲ್ಲಾರೂ ಬಾಟ್ಲಿ ತಂದಿದ್ರು."

"ಬಕೀಟಿಂದು ಕೊಡಬೇಕಿತ್ತು!"

"ಗೊತ್ತದರಿ." ಅವಳು ಸೆರಗು ಸರಿಮಾಡಿಕೊಂಡಳು. "ಬಾಗಿಲಿಗಿ ಬಂದ ಮಂದಿಗಿ ಹೊಲಸು ಕೊಡೂದೇನು? ನಮ್ಮ ಮನ್ಯಾಗ ಆ ರೂಢಿ ಇಲ್ಲ."

ಆ ಹೊತ್ತಿಗೆ ನಮ್ಮ ಓಣಿಯಲ್ಲಿ ಒಂದು ಬಾಗಿಲೂ ಕಿರ್ ಅನ್ನುತ್ತಿರಲಿಲ್ಲ. ಪಿಕಪ್ ಮಾತ್ರ ಅಲ್ಲಾಡುವಂತಿರಲಿಲ್ಲ.

ಉಳಿದ ಮಾತು

ನಾನು ಫೋನ್ ಮಾಡಲಿಲ್ಲ. ಹೆಂಡತಿ ತನ್ನ ತಮ್ಮನಿಗೆ ಮಾಡಿದಳು. ಅವನು ನಗುವುದು ನನಗೂ ಕೇಳಿಸಿತು.

ಸಂಜೆಯಾಗುವ ಮೊದಲೇ ತಮ್ಮ ಬಂದ. ಮೋಟಾರ್ ಸೈಕಲ್ಲಿನ ಮೇಲೆ ಕಾಲ ನಡುವೆ ಎಣ್ಣೆಯ ಡಬ್ಬಿ, ಹೆಗಲಿಗೆ ಕೈಪಂಪು. ಬಂದವನೇ ಗಾಡಿಯ ಕೆಳಗೆ ಮಲಗಿದ. ಮೇಲಿನ ತೂತಿನಿಂದ ಎಣ್ಣೆ ತುಳುಕುವ ತನಕ ಪಂಪು ಹೊಡೆದ, ಮೊದಲು ಗೇರ್ ಬಾಕ್ಸಿಗೆ, ಆಮೇಲೆ ಟ್ರಾನ್ಸ್‌ಫರ್ ಕೇಸಿಗೆ. ನಟ್ಟು ಬಿಗಿದ. ನಾನು ಗಾಡಿ ಚಾಲೂ ಮಾಡಿ ಗೇರ್ ಹಾಕಿದೆ. ಕೆಮ್ಮಿಲ್ಲ.

"ಏನ್ ದಾಜಿ, ಗ್ಯಾರೇಜಿಗಿ ಬರೂದಿಲ್ಲ ಅಂದಿದ್ರಿ?"

"ಬಂದಿಲ್ಲಲ್ಲ."

ಅವನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಬಾಟಲಿ ಹಿಡಿದು ಬಂದರು. ಅವರ ಹಿಂದೆ ಓಣಿಯ ಎತ್ತಿನ ಬಂಡಿಯವನು. ಅವನ ಹಿಂದೆ ಪಕ್ಕದ ಮನೆಯಾಕೆ. ಎಲ್ಲರ ಬಾಟಲಿಗಳೂ ಹೆಚ್ಚುಕಡಿಮೆ ತುಂಬೇ ಇದ್ದವು.

"ಕಾಕಾ," ಎಂದ ಬಂಡಿಯವನು, "ತಪ್ಪ ತಿಳಕೋಬ್ಯಾಡ್ರಿ. ಹೋದ ಸಲದ್ದು ಚಲೋ ಇತ್ತು. ಇದು ಕಪ್ಪೇ ಇಲ್ಲ. ಬದಲಿ ಮಾಡಿ ಕೊಡ್ರಿ."

ತೊಟ್ಟಿಲು

ಬಕೀಟು ಖಾಲಿಯಾಯಿತು. ವಾಪಸು ಬಂದ ಹೊಸ ಎಣ್ಣೆಯ ಬಾಟಲಿಗಳನ್ನು ಮುಂದಿನ ಸಲಕ್ಕೆಂದು ಅಟ್ಟದ ಮೇಲೆ ಇಟ್ಟೆ.

ಬೆಳಿಗ್ಗೆ ತೊಟ್ಟಿಲು ಹೇರಿಕೊಂಡು ಹೊರಟೆವು. ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಹೆಂಡತಿಯೂ ಒಂದು ಸಲ "ಚಲೋ ನಡದದರಿ" ಎಂದಳು. ಹೊತ್ತಿಗೆ ಸರಿಯಾಗಿ ಕುಶನೂರ ಮುಟ್ಟಿದೆವು.

ತೊಟ್ಟಿಲು ಇಳಿಸಿದರು. ಬೀಗರು, ಅಂದರೆ ತಮ್ಮನ ಮಾವ, ಒಳಗಿದ್ದ ಕೌದಿ ಎತ್ತಿದರು. ಕೂಸು ಮಲಗುವ ಜಾಗದಲ್ಲಿ, ನಾನು ಅಟ್ಟದ ಮೇಲಿಟ್ಟಿದ್ದ ಬಾಟಲಿಗಳು ಸಾಲಾಗಿ ಮಲಗಿದ್ದವು.

"ಇದೇನ್ರಿ, ಜೇನೇನು?"

"ಗೇರ್ ಎಣ್ಣಿರಿ," ಎಂದಳು ಹೆಂಡತಿ. "ನಿಮ್ಮ ಬಂಡಿ ಚೀರ್ತದಂತ ತಮ್ಮ ಹೇಳಿದ್ದ. ಹೊಸಾದೇ ತಂದೀನಿ."

ಬೀಗರು ಒಂದು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮೂಸಿದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು:

"ಹಳೇದು ಇರಲಿಲ್ಲೇನ್ರಿ?"

ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವನು ಹೋಗಿ ತನ್ನ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ ಬಂದ.

ಕೂಸನ್ನು ಮಲಗಿಸಿದರು. ನನ್ನ ಹೆಂಡತಿ ಬಾಗಿ ಹೆಸರು ಹೇಳಿದಳು. ಹೆಂಗಸರು ನಗುತ್ತ ಗುದ್ದು ಹಾಕಿದರು. ನಡುವೆ ಎರಡು ಗುದ್ದು ಜರಾ ಜೋರಾಗೇ ಬಿದ್ದವು.

"ಯಾರ್ ಬೇ ಅದು?" ಎಂದು ಅವಳು ತಿರುಗಿದಳು. ಆಮೇಲೆ ಅಂಗಳದ ಕಡೆ ನೋಡಿದಳು.

ಅಲ್ಲಿ ಪಿಕಪ್ಪಿನ ಕೆಳಗಿನಿಂದ ನಾಲ್ಕು ಕಾಲು ಹೊರಗೆ ಚಾಚಿದ್ದವು. ಅವಳು ಕೂಗಿದಳು. ಎರಡು ಜೊತೆ ಕಾಲಲ್ಲಿ ಒಂದೂ ಮಾತಾಡಲಿಲ್ಲ.