ಪಾಚಿ ಗ್ಯಾಸಿನ ಪಲಾವು

ಅತ್ತೆಗೆ ನನ್ನ ಓದಿನ ಮೇಲೆ ನಂಬಿಕೆಯಿಲ್ಲ ಅಂತಲ್ಲ. ಆ ಓದಿನಿಂದ ಅಕ್ಕಿ ಬೇಯುತ್ತದೆ ಅನ್ನುವುದರ ಮೇಲೆ ಇಲ್ಲ, ಅಷ್ಟೆ!

ಬುಖಾರಾದ ನಮ್ಮ ಹಳ್ಳಿಯಲ್ಲಿ ಚಳಿಗಾಲ ಬಂತೆಂದರೆ ಪೈಪಿನ ಗ್ಯಾಸು ಮಿಂಚುಹುಳದಷ್ಟೇ ಬೆಳಗುತ್ತದೆ. ನಾದಿನಿ ಹುಮೋರಾಳನ್ನು ನೋಡಲು ಇನ್ನು ಆರು ವಾರಕ್ಕೆ ಹುಡುಗನ ಕಡೆಯವರು ಬರುವವರಿದ್ದರು. ನಮ್ಮಲ್ಲಿ ನೆಂಟರು ಪಲಾವು ತಿಂದು, ಜೊತೆಯಲ್ಲಿ ರೊಟ್ಟಿ ಮುರಿದರೆ ಸಂಬಂಧ ಕುದುರಿತೆಂದೇ ಅರ್ಥ. ಹೋದ ಚಳಿಗಾಲದಲ್ಲಿ ಬಂದವರು ಅರೆಬೆಂದ ಅಕ್ಕಿ ಅಗಿದು, ರೊಟ್ಟಿ ಮುಟ್ಟದೆ ಎದ್ದುಹೋಗಿದ್ದರು.

"ನಾನಿದ್ದೀನಲ್ಲ ಅತ್ತೆ! ಪಾಚಿ ಕೊಳೆಸಿ ಮೀಥೇನ್ ತೆಗೀತೀನಿ!"

"ಏನಾದ್ರೂ ತೆಗಿ ತಾಯಿ, ನನ್ನ ಮಾನ ಒಂದು ತೆಗೀಬೇಡ."

ಟೊಮೇಟೊ ಬೆಳೆಯುವ ಪ್ಲಾಸ್ಟಿಕ್ ಮನೆಯಲ್ಲಿ ತೊಟ್ಟಿ ಕಟ್ಟಿ ಪಾಚಿ ಬೆಳೆಸಿದೆ. (ಎಂಥ ಹಸಿರು ಅಂತೀರಿ! ಮುದ್ದಾಡಬೇಕು ಅನ್ನಿಸುತ್ತಿತ್ತು!) ಪಕ್ಕದಲ್ಲೇ ಗಾಳಿ ಹೋಗದ ಪೀಪಾಯಿ, ಒಳಗೆ ಶುರುವಿಗೆಂದು ಒಂದಿಷ್ಟು ಸಗಣಿ, ಮೇಲೆ ಗ್ಯಾಸು ತುಂಬಲು ಟ್ರ್ಯಾಕ್ಟರಿನ ಟ್ಯೂಬು. ದಿನಾ ಬೆಳಿಗ್ಗೆ ಒಂದು ಬಕೆಟ್ ಪಾಚಿ ತೆಗೆದಿಟ್ಟು, "ಅತ್ತೆ, ಇದನ್ನ ಪೀಪಾಯಿಗೆ ಸುರಿದುಬಿಡಿ!" ಎಂದು ಕೂಗಿ ಕಾಲೇಜಿನ ಬಸ್ಸಿಗೆ ಓಡುತ್ತಿದ್ದೆ.

ಮೊದಲ ವಾರ ಟ್ಯೂಬು ಕೊಂಚ ಉಬ್ಬಿತು, ನಾನು ಪೂರ್ತಿ ಉಬ್ಬಿದೆ. ಆಮೇಲೆ ಅದು ಉಬ್ಬಲೇ ಇಲ್ಲ. "ಸೂಕ್ಷ್ಮಜೀವಿಗಳು ಧ್ಯಾನದಲ್ಲಿವೆ" ಎಂದು ಗಂಡ ಸಂಜರನಿಗೆ ವಿವರಿಸಿದೆ. ನಮ್ಮ ಹಸು ಮಲ್ಲಾ ಮಾತ್ರ ಅದೇಕೋ ಹಾಲಿನ ಹೊಳೆಯನ್ನೇ ಹರಿಸುತ್ತಿತ್ತು. ಅದನ್ನೆಲ್ಲ ಗಮನಿಸಲು ವಿಜ್ಞಾನಿಗೆ ಪುರುಸೊತ್ತೆಲ್ಲಿ?

ಆ ದಿನ ಬಂದೇಬಂತು. ಒಳಗೆ ನೆಂಟರು, ಅಂಗಳದ ಒಲೆಯ ಮೇಲೆ ಕಡಾಯಿ. ಕಡಾಯಿಯಲ್ಲಿ ಹಸಿ ಮಾಂಸ, ಹಸಿ ಕ್ಯಾರೆಟ್ಟು. ನಾನು ಗಂಭೀರವಾಗಿ ಟ್ಯೂಬಿನ ಗ್ಯಾಸು ನಲ್ಲಿ ತಿರುಗಿಸಿ ಕಡ್ಡಿ ಗೀರಿದೆ.

ಪುಸ್ಸ್. ಇನ್ನೊಂದು ಕಡ್ಡಿ. ಅದೂ ಪುಸ್ಸ್.

ಹುಮೋರಾ ಕಣ್ಣು ತುಂಬಿಕೊಂಡಳು. "ಅತ್ತಿಗೆ, ಈ ಸಲಾನೂ ಹೋಯ್ತಾ?"

"ಅಳಬೇಡ ಸುಮ್ನಿರೆ" ಎಂದ ಅತ್ತೆ ನನ್ನತ್ತ ತಿರುಗಿ, "ಸೊಸೆ, ಬೈಕೋಬೇಡ. ಹಸು ಬಾಯಿ ಚಪ್ಪರಿಸ್ಕೊಂಡು ತಿನ್ನೋದನ್ನ ಯಾರಾದ್ರೂ ಕೊಳೆಸ್ತಾರಾ? ಪಾಪ ಸುತ್ಕೊಳ್ಳುತ್ತೆ. ಅದಕ್ಕೇ ದಿನಾ ಮಲ್ಲಾಗೆ ಕೊಟ್ಟೆ" ಎಂದರು.

"ಮತ್ತೆ ಪೀಪಾಯಿಗೆ?"

"ನಿಂಗೆ ಬೇಜಾರಾಗ್ಬಾರ್ದು ಅಂತ ಕಾಲುವೆ ನೀರು."

ನಾನು ಬಾಯಿ ಮುಚ್ಚುವಷ್ಟರಲ್ಲಿ ಅತ್ತೆ ಗೋಡೆಯ ಹಿಂದಿನಿಂದ ಒಂದು ಬುಟ್ಟಿ ಬೆರಣಿ ತಂದು ಒಲೆಗೆ ತುಂಬಿದರು. ಆರು ವಾರ ಪಾಚಿ ತಿಂದ ಮಲ್ಲಾ ಬೆರಣಿ! ಭಗ್ಗನೆ ಹತ್ತಿತು. ಪಲಾವು ಉದುರುದುರಾಗಿ ಬೆಂದಿತು.

ಹುಡುಗನ ತಾಯಿ ಎರಡು ಸಲ ಬಡಿಸಿಕೊಂಡು ರೊಟ್ಟಿ ಮುರಿದರು. "ಇಷ್ಟು ಹದವಾದ ಉರಿ ಎಲ್ಲಿಂದ ತಂದ್ರಿ?"

"ಎಲ್ಲಾ ನಮ್ಮ ಸೊಸೆ ಓದಿನ ಫಲ" ಎಂದರು ಅತ್ತೆ, ಒಂಚೂರೂ ನಗದೆ.

ಫಲ ಅನುಭವಿಸುತ್ತಿದ್ದೇನೆ. ಮದುವೆ ಅಡುಗೆಗೆ ಐನೂರು ಬೆರಣಿ ಬೇಕಂತೆ, ತಟ್ಟುವುದು ವಿಜ್ಞಾನಿಯ ಪಾಲು. ಗ್ಯಾಸು ಯಂತ್ರದ ಬಗ್ಗೆ ಕಾಲೇಜಿಗೆ ಕೊಡಬೇಕಾದ ವರದಿಯನ್ನೂ ಸಗಣಿ ಕೈಯಲ್ಲೇ ತುಂಬಿದೆ. ಯಂತ್ರ ಇರುವ ಜಾಗ: ಕೊಟ್ಟಿಗೆ. ಪಾಚಿ ಕೊಳೆಸುವ ಹೊಟ್ಟೆಕೋಣೆಗಳು: ನಾಲ್ಕು. ಮೀಥೇನ್ ಸೋರಿಕೆ: ಧಾರಾಳ. ಯಂತ್ರದ ಸ್ವಭಾವ: ಹಾಲು ಕರೆಯಲು ಹೋದರೆ ಒದೆಯುತ್ತದೆ.